ಡೇಟಾ ಸ್ಟ್ರಕ್ಚರ್ಸ್ ಅನ್ನು ಉರು ಹೊಡೆಯದೆ ಕಲಿಯುವ ಕ್ರಮ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಡೇಟಾ ಸ್ಟ್ರಕ್ಚರ್ಸ್, ಅಂದರೆ ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸಿಡುವ ವಿಧಾನಗಳ ವಿಷಯ, ಮೂರನೆಯ ಸೆಮಿಸ್ಟರಿನಲ್ಲಿ ಬರುತ್ತದೆ. ಲ್ಯಾಬಿನ ಪ್ರೋಗ್ರಾಮುಗಳ ಪಟ್ಟಿ ಮೊದಲೇ ಕೈಗೆ ಸಿಗುವುದರಿಂದ ಅನೇಕರು ಅವುಗಳನ್ನು ಸಾಲು ಸಾಲಾಗಿ ಉರು ಹೊಡೆದು ಪರೀಕ್ಷೆ ದಾಟುತ್ತಾರೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದೇ ಒಂದು ಷರತ್ತನ್ನು ಬದಲಿಸಿ ಕೇಳಿದರೆ ತಡವರಿಸುತ್ತಾರೆ. ಮುಂದೆ ಬರುವ ಆಲ್ಗಾರಿದಮ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್ ವಿಷಯಗಳೆಲ್ಲ ಇದರ ಮೇಲೆಯೇ ನಿಂತಿರುವುದರಿಂದ ಇದನ್ನು ಸರಿಯಾಗಿ ಕಲಿಯಲೇಬೇಕು. ಅದಕ್ಕೆ ನಾನು ಕಂಡ ಅತ್ಯುತ್ತಮ ದಾರಿಯೆಂದರೆ, ಕೋಡ್ ಬರೆಯುವ ಮೊದಲು ಮೆಮೊರಿಯಲ್ಲಿ ಏನಾಗುತ್ತದೆ ಎಂಬುದನ್ನು ಹಾಳೆಯ ಮೇಲೆ ಚಿತ್ರವಾಗಿ ಬರೆಯುವುದು.

ಇದಕ್ಕೆ ಸಿ ಭಾಷೆಯ ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್) ಮತ್ತು ಸ್ಟ್ರಕ್ಚರ್ (ಹಲವು ಮಾಹಿತಿಗಳನ್ನು ಒಂದೇ ಗುಂಪಾಗಿ ಇಡುವ ರಚನೆ) ಚೆನ್ನಾಗಿ ಗೊತ್ತಿರಬೇಕು. ಅಲ್ಲಿ ಅನುಮಾನವಿದ್ದರೆ ಮೊದಲು ಅದನ್ನೇ ಬಗೆಹರಿಸಿಕೊಳ್ಳಿ.

ಲಿಂಕ್ಡ್ ಲಿಸ್ಟಿನಿಂದ ಆರಂಭಿಸೋಣ. ಅದರ ಪ್ರತಿ ನೋಡಿನಲ್ಲಿ ಒಂದು ಸಂಖ್ಯೆಯೂ ಮುಂದಿನ ನೋಡಿನ ವಿಳಾಸವಿರುವ ನೆಕ್ಸ್ಟ್ ಪಾಯಿಂಟರೂ ಇರುತ್ತವೆ. 10 ಮತ್ತು 30 ಇರುವ ಎರಡು ನೋಡುಗಳ ನಡುವೆ 20 ಅನ್ನು ಸೇರಿಸಬೇಕಾಗಿದೆ ಎಂದುಕೊಳ್ಳಿ. ಮೊದಲು 20ರ ನೆಕ್ಸ್ಟ್ ಪಾಯಿಂಟರ್ 30ರ ಕಡೆ ತಿರುಗಬೇಕು, ಆಮೇಲೆ 10ರ ನೆಕ್ಸ್ಟ್ 20ರ ಕಡೆ ತಿರುಗಬೇಕು. ಈ ಎರಡು ಸಾಲುಗಳನ್ನು ಅದಲುಬದಲು ಮಾಡಿ ಚಿತ್ರ ಬರೆದು ನೋಡಿ: 10ರ ನೆಕ್ಸ್ಟ್ ಆಗಲೇ 20ರ ಕಡೆ ತಿರುಗಿರುವುದರಿಂದ, ಅದನ್ನೇ 20ರ ನೆಕ್ಸ್ಟಿಗೆ ನಕಲು ಮಾಡಿದಾಗ 20 ತನ್ನನ್ನೇ ತೋರಿಸುತ್ತದೆ, 30ರ ವಿಳಾಸ ಕಳೆದುಹೋಗುತ್ತದೆ ಮತ್ತು ಪಟ್ಟಿಯನ್ನು ಮುದ್ರಿಸಲು ಹೊರಟ ಲೂಪ್ ಎಂದೂ ನಿಲ್ಲುವುದಿಲ್ಲ. ಈ ತಪ್ಪು ಹೇಗೆ ಆಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಸಾಲುಗಳ ಕ್ರಮವನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬರೆದ ಪ್ರತಿಯೊಂದು ಫಂಕ್ಷನ್ ಅನ್ನು ಖಾಲಿ ಪಟ್ಟಿ, ಒಂದೇ ನೋಡಿನ ಪಟ್ಟಿ, ಪಟ್ಟಿಯ ಮೊದಲ ನೋಡ್ ಮತ್ತು ಕೊನೆಯ ನೋಡ್ ಇವುಗಳ ಮೇಲೆ ತಪ್ಪದೆ ಪರೀಕ್ಷಿಸಿ. ಹೆಚ್ಚಿನ ದೋಷಗಳು ಅಡಗಿರುವುದು ಈ ಅಂಚುಗಳಲ್ಲಿಯೇ.

ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವ ಸ್ಟ್ಯಾಕ್ ಸುಲಭ, ಆದರೆ ಅದನ್ನು ಬಳಸಿ ಇನ್‌ಫಿಕ್ಸನ್ನು (ಚಿಹ್ನೆ ಸಂಖ್ಯೆಗಳ ನಡುವೆ ಬರುವ ರೂಪ) ಪೋಸ್ಟ್‌ಫಿಕ್ಸಿಗೆ (ಚಿಹ್ನೆ ಸಂಖ್ಯೆಗಳ ನಂತರ ಬರುವ ರೂಪ) ಬದಲಿಸುವಾಗ ಘಾತದ ಚಿಹ್ನೆಯನ್ನು ಗಮನಿಸಿ. 2^3^2 ಎಂಬುದನ್ನು ಬಲದಿಂದ ಬಿಡಿಸಬೇಕಾಗಿರುವುದರಿಂದ ಅದರ ಪೋಸ್ಟ್‌ಫಿಕ್ಸ್ 2 3 2 ^ ^ ಆಗುತ್ತದೆ, ಬೆಲೆ 512. ಎಡದಿಂದ ಬಿಡಿಸುವ ವ್ಯವಕಲನದ ನಿಯಮವನ್ನೇ ಇದಕ್ಕೂ ಹಚ್ಚಿದರೆ 64 ಬರುತ್ತದೆ. ಸರ್ಕ್ಯುಲರ್ ಕ್ಯೂನಲ್ಲಿ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲ ಜಾಗಕ್ಕೆ ಸುತ್ತಿ ಬರುವ ಸಾಲಿನಲ್ಲಿ) ಫ್ರಂಟ್ ಮೊದಲ ಅಂಶವನ್ನೂ ರಿಯರ್ ಮುಂದಿನ ಖಾಲಿ ಜಾಗವನ್ನೂ ತೋರಿಸುತ್ತಿದ್ದರೆ, ಕ್ಯೂ ಖಾಲಿಯಿದ್ದಾಗಲೂ ತುಂಬಿದಾಗಲೂ ಅವೆರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಎಣಿಕೆಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಅಥವಾ ಒಂದು ಜಾಗವನ್ನು ಸದಾ ಖಾಲಿ ಬಿಡುವುದು ಇದಕ್ಕೆ ಪರಿಹಾರ. ಎರಡನ್ನೂ ಬರೆದು ನೋಡಿ.

ಬೈನರಿ ಸರ್ಚ್ ಟ್ರೀಗೆ, ಅಂದರೆ ಪ್ರತಿ ನೋಡಿನ ಎಡಕ್ಕೆ ಚಿಕ್ಕ ಸಂಖ್ಯೆಗಳೂ ಬಲಕ್ಕೆ ದೊಡ್ಡ ಸಂಖ್ಯೆಗಳೂ ಇರುವ ಮರಕ್ಕೆ, ಹೆಚ್ಚು ಸಮಯ ಕೊಡಿ. ಲ್ಯಾಬಿನ ಪಟ್ಟಿಯಲ್ಲಿರುವ 6, 9, 5, 2, 8, 15, 24, 14, 7 ಎಂಬ ಸಂಖ್ಯೆಗಳನ್ನೇ ತೆಗೆದುಕೊಂಡು ಒಂದೊಂದಾಗಿ ಸೇರಿಸುತ್ತಾ ಹೋಗಿ. ನಾಲ್ಕು ಹಂತಗಳ ಮರ ಸಿಗುತ್ತದೆ, ಅದನ್ನು ಇನ್‌ಆರ್ಡರಿನಲ್ಲಿ (ಎಡಭಾಗ, ನೋಡ್, ಬಲಭಾಗ ಎಂಬ ಕ್ರಮದಲ್ಲಿ) ಓದಿದರೆ ಸಂಖ್ಯೆಗಳು ಏರಿಕೆಯ ಕ್ರಮದಲ್ಲಿ ಬರುತ್ತವೆ. ಅದೇ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿಯೇ ಸೇರಿಸಿದರೆ ಒಂಬತ್ತು ಹಂತಗಳ ಸರಪಳಿಯಾಗುತ್ತದೆ, ಮರದ ಪ್ರಯೋಜನವೇ ಉಳಿಯುವುದಿಲ್ಲ. ತನ್ನ ಎತ್ತರವನ್ನು ತಾನೇ ಸಮತೋಲನದಲ್ಲಿ ಇಟ್ಟುಕೊಳ್ಳುವ ಎವಿಎಲ್ ಟ್ರೀ ಏಕೆ ಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ. ಇನ್ನು ಮೊದಲ ಮರದಿಂದ 9 ಅನ್ನು ಅಳಿಸಿ. ಅದಕ್ಕೆ ಎರಡು ಮಕ್ಕಳಿರುವುದರಿಂದ ಬಲಭಾಗದ ಅತ್ಯಂತ ಚಿಕ್ಕ ಸಂಖ್ಯೆಯಾದ 14 ಅದರ ಜಾಗಕ್ಕೆ ಬರುತ್ತದೆ, 14ರ ಹಳೆಯ ಎಲೆ ಹೋಗುತ್ತದೆ. ಲ್ಯಾಬಿನ ಪಟ್ಟಿಯ ಕೊನೆಯಲ್ಲಿ 8, 5, 2 ಮತ್ತೆ ಬರುತ್ತವೆ. ಪುನರಾವರ್ತನೆಯಾದ ಸಂಖ್ಯೆಯನ್ನು ಬಿಟ್ಟುಬಿಡುವುದೇ ಅಥವಾ ಬಲಕ್ಕೆ ಸೇರಿಸುವುದೇ ಎಂಬ ನಿರ್ಧಾರವನ್ನು ಕೋಡ್ ಬರೆಯುವ ಮೊದಲೇ ಮಾಡಿ, ಕಾರಣ ಹೇಳಲು ಸಿದ್ಧರಾಗಿರಿ.

ಕೋಡನ್ನು ಕಂಪೈಲ್ ಮಾಡುವಾಗ ಎಲ್ಲ ಎಚ್ಚರಿಕೆಗಳನ್ನೂ ತೋರಿಸುವ ಆಯ್ಕೆಯನ್ನು ಹಾಕಿಕೊಳ್ಳಿ. ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿರುವ, ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅನ್ನು ಬಳಸಿದರೆ, ಫ್ರೀ ಮಾಡಿದ (ಮೆಮೊರಿಯನ್ನು ಹಿಂದಿರುಗಿಸಿದ) ನೋಡನ್ನು ಮತ್ತೆ ಮುಟ್ಟಿದಾಗ ಅದು ಪ್ರೋಗ್ರಾಮನ್ನು ಅಲ್ಲಿಯೇ ನಿಲ್ಲಿಸಿ ತಪ್ಪನ್ನು ವರದಿ ಮಾಡುತ್ತದೆ. ಔಟ್‌ಪುಟ್ ಸರಿ ಬಂದಿತು ಎಂಬುದು ಪ್ರೋಗ್ರಾಂ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹ್ಯಾಶಿಂಗ್ (ಸಂಖ್ಯೆಯಿಂದಲೇ ಲೆಕ್ಕ ಹಾಕಿ ಟೇಬಲಿನಲ್ಲಿ ಅದರ ಜಾಗವನ್ನು ಗೊತ್ತುಮಾಡುವ ವಿಧಾನ) ಸೆಮಿಸ್ಟರಿನ ಕೊನೆಗೆ ಬರುವುದರಿಂದ ಹಲವರು ಅದನ್ನು ಅವಸರದಲ್ಲಿ ಓದುತ್ತಾರೆ, ಇದು ನಿಜಕ್ಕೂ ಬೇಸರದ ಸಂಗತಿ. 10 ಜಾಗಗಳ ಟೇಬಲಿನಲ್ಲಿ, 10ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನೇ ಸ್ಥಾನವಾಗಿಟ್ಟುಕೊಂಡು, ಲೀನಿಯರ್ ಪ್ರೋಬಿಂಗಿನಲ್ಲಿ (ಜಾಗ ತುಂಬಿದ್ದರೆ ಅದರ ಮುಂದಿನ ಜಾಗಗಳನ್ನು ಒಂದೊಂದಾಗಿ ನೋಡುವ ಕ್ರಮದಲ್ಲಿ) 23, 43, 13 ಅನ್ನು ಸೇರಿಸಿ. ಅವು ಕ್ರಮವಾಗಿ 3, 4, 5ನೆಯ ಜಾಗಗಳಲ್ಲಿ ಕೂರುತ್ತವೆ. 43 ಅನ್ನು ಅಳಿಸಿ ಆ ಜಾಗವನ್ನು ಖಾಲಿ ಬಿಟ್ಟರೆ, 13 ಅನ್ನು ಹುಡುಕುವ ಫಂಕ್ಷನ್ 4ನೆಯ ಜಾಗ ಖಾಲಿಯಿರುವುದನ್ನು ಕಂಡು, ಐದರಲ್ಲಿಯೇ ಇರುವ 13 ಟೇಬಲಿನಲ್ಲಿ ಇಲ್ಲವೆಂದು ಹೇಳಿಬಿಡುತ್ತದೆ. ಆದ್ದರಿಂದ ಅಳಿಸಿದ ಜಾಗಕ್ಕೆ ಬೇರೆಯೇ ಒಂದು ಗುರುತು ಹಾಕಬೇಕು. ಅಂತಹ ಗುರುತುಗಳು ಹೆಚ್ಚಾದಂತೆ ಹುಡುಕಾಟ ನಿಧಾನವಾಗುವುದರಿಂದ, ಉಳಿದ ಸಂಖ್ಯೆಗಳನ್ನು ಹೊಸ ಟೇಬಲಿಗೆ ಮತ್ತೆ ಹಂಚುವ ಫಂಕ್ಷನ್ ಅನ್ನೂ, ಲ್ಯಾಬಿನಲ್ಲಿ ಕೇಳದಿದ್ದರೂ, ನೀವಾಗಿಯೇ ಬರೆದು ನೋಡಿ.