ಲೆನ್ಸ್ ಬದಲಿಸಲು ಒಂದು ಖಾಲಿ ಪೌಚ್ ಬೇಕು

ಲೆನ್ಸ್ ಬದಲಿಸುವಾಗ ಸಮಯ ಹಿಡಿಯುವುದು ಲೆನ್ಸ್ ತಿರುಗಿಸುವುದಕ್ಕಲ್ಲ. ಅದು ಒಂದು ಕ್ಷಣದ ಕೆಲಸ. ಬ್ಯಾಗ್ ಕೆಳಗಿಳಿಸಬೇಕು, ಜಿಪ್ ಎಳೆಯಬೇಕು, ಬೇಕಾದ ಲೆನ್ಸಿಗೆ ತಡಕಾಡಬೇಕು, ಬಿಚ್ಚಿದ ಕ್ಯಾಪನ್ನು ಜೇಬಿಗೆ ತುರುಕಬೇಕು. ಇದೆಲ್ಲಕ್ಕಿಂತ ಜಾಸ್ತಿ ಪೇಚಾಟ, ಕ್ಯಾಮೆರಾದಿಂದ ತೆಗೆದ ಲೆನ್ಸನ್ನು ಎಲ್ಲಿಡುವುದು ಅನ್ನುವುದು. ಎರಡೇ ಕೈ, ಅದರಲ್ಲಿ ಎರಡು ಲೆನ್ಸ್, ಒಂದು ಕ್ಯಾಮೆರಾ. ಲೆನ್ಸ್ ಕೆಳಗೆ ಬೀಳುವುದು ಇಂಥ ಹೊತ್ತಿನಲ್ಲೇ.

ಸಮಾರಂಭಗಳ ಫೋಟೋ ತೆಗೆಯುವುದು ನನ್ನ ಕೆಲಸ. ಓಡಾಡುತ್ತಲೇ ಇರಬೇಕು, ಕೂತು ಬ್ಯಾಗ್ ಬಿಚ್ಚಲು ಪುರುಸೊತ್ತಿಲ್ಲ. ಹಾಗಾಗಿ ಬ್ಯಾಕ್‌ಪ್ಯಾಕನ್ನು ಸಾಮಾನು ಸಾಗಿಸುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ. ಕೆಲಸದ ಹೊತ್ತಿಗೆ ಸೊಂಟಕ್ಕೆ ಅಗಲವಾದ ಬೆಲ್ಟ್, ಅದಕ್ಕೆ ಪೌಚ್‌ಗಳು. ಕ್ಯಾಮೆರಾದ ಮೇಲೆ 24-70, ಪೌಚ್‌ಗಳಲ್ಲಿ 70-200 ಮತ್ತು 85 (ಇವು ಮಿ.ಮೀ. ಲೆಕ್ಕದ ಫೋಕಲ್ ಲೆಂತ್, ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಹೊರಗೆ ಇಡಬೇಕಾದ ಲೆನ್ಸ್ ಎರಡು, ಆದರೆ ಪೌಚ್ ಮೂರು. ಆ ಮೂರನೆಯದೇ ಇಡೀ ವ್ಯವಸ್ಥೆಯ ಜೀವ. ತೆಗೆದ ಲೆನ್ಸ್ ಅಲ್ಲಿಗೆ ಹೋಗುತ್ತದೆ, ಹೊಸ ಲೆನ್ಸ್ ಇದ್ದ ಪೌಚ್ ಈಗ ಖಾಲಿಯಾಗುತ್ತದೆ. ಎಷ್ಟು ಸಲ ಬದಲಿಸಿದರೂ ಒಂದು ಪೌಚ್ ಖಾಲಿ ಇದ್ದೇ ಇರುತ್ತದೆ. ಅದರಲ್ಲಿ ಬ್ಯಾಟರಿ, ಕರವಸ್ತ್ರ ಏನನ್ನೂ ಹಾಕಬಾರದು. ಮೂರೂ ದೊಡ್ಡ ಲೆನ್ಸ್ ಹಿಡಿಸುವ ಅಳತೆಯವೇ ಆಗಿರಲಿ, ಇಲ್ಲದಿದ್ದರೆ ಯಾವುದು ಎಲ್ಲಿಗೆ ಅಂತ ಮತ್ತೆ ಯೋಚನೆ ಶುರು.

ಈಗ ಬದಲಿಸುವ ಕ್ರಮ. ಕ್ಯಾಮೆರಾ ಆಫ್ ಮಾಡುತ್ತೇನೆ. ಸ್ಟ್ರಾಪ್ ಕೊರಳಲ್ಲೇ ಇರುತ್ತದೆ, ಕ್ಯಾಮೆರಾ ಹೊಟ್ಟೆಯ ಮುಂದೆ ಸ್ವಲ್ಪ ಕೆಳಮುಖವಾಗಿ ತೂಗುತ್ತದೆ. ಪೌಚ್‌ಗಳಲ್ಲಿ ಲೆನ್ಸ್ ಯಾವಾಗಲೂ ಹಿಂಭಾಗ ಮೇಲೆ ಮಾಡಿ ನಿಂತಿರುತ್ತದೆ. ಮೊದಲು ಹೊಸ ಲೆನ್ಸಿನ ಹಿಂದಿನ ಕ್ಯಾಪನ್ನು ಪೌಚಿನೊಳಗೇ ಸಡಿಲ ಮಾಡುತ್ತೇನೆ, ತೆಗೆಯುವುದಿಲ್ಲ. ಸುಮ್ನೆ ಮೇಲೆ ಕೂತಿರಲಿ. ಆಮೇಲೆ ಹಳೆಯ ಲೆನ್ಸ್ ಬಿಡಿಸಿ ಖಾಲಿ ಪೌಚಿಗೆ ಇಳಿಸುತ್ತೇನೆ. ಸಡಿಲವಾಗಿ ಕೂತಿದ್ದ ಕ್ಯಾಪನ್ನು ಎತ್ತಿ ಹಳೆಯ ಲೆನ್ಸಿನ ಮೇಲಿಡುತ್ತೇನೆ, ತಿರುಗಿಸುವುದಿಲ್ಲ. ಹೊಸ ಲೆನ್ಸ್ ಎತ್ತಿ, ಚುಕ್ಕೆಗೆ ಚುಕ್ಕೆ ಹೊಂದಿಸಿ, ಕ್ಲಿಕ್ ಅನ್ನುವವರೆಗೆ ತಿರುಗಿಸುತ್ತೇನೆ. ಕ್ಯಾಪ್ ಬಿಗಿ ಮಾಡುವುದು ಕೊನೆಗೆ. ಕ್ಯಾಮೆರಾ ಬಾಯಿ ತೆರೆದಿರುವ ಹೊತ್ತಿನಲ್ಲಿ ತೀರಾ ಬೇಕಾದದ್ದನ್ನು ಬಿಟ್ಟು ಬೇರೇನೂ ಮಾಡಬಾರದು. ಎಲ್ಲಾ ಲೆನ್ಸ್ ಒಂದೇ ಮೌಂಟಿನವು (ಕ್ಯಾಮೆರಾಕ್ಕೆ ಕೂರುವ ಭಾಗ ಒಂದೇ ಥರದ್ದು) ಆದ್ದರಿಂದ ಎರಡು ಕ್ಯಾಪ್ ಸಾಕು, ಜೇಬಿಗೆ ಯಾವುದೂ ಹೋಗುವುದಿಲ್ಲ.

ಕ್ಯಾಪ್ ವಿಷಯದಲ್ಲಿ ಒಂದು ಸಣ್ಣ ಉಪಾಯ. ಕೆಲವು ಹಿಂದಿನ ಕ್ಯಾಪ್‌ಗಳು ಒಂದೇ ಕೋನದಲ್ಲಿ ಕೂರುತ್ತವೆ, ಕೆಲವು ಮೂರು ಕಡೆ. ಒಂದೇ ಕಡೆ ಕೂರುವ ಕ್ಯಾಪ್ ಆತುರದಲ್ಲಿ ಬಹಳ ಸತಾಯಿಸುತ್ತದೆ. ಕ್ಯಾಪ್ ಯಾವ ಕೋನದಲ್ಲಿ ಕೂರುತ್ತದೆ ಅಂತ ಮನೆಯಲ್ಲಿ ನೋಡಿಕೊಂಡು, ಲೆನ್ಸಿನ ಚುಕ್ಕೆಗೆ ಸರಿಯಾಗಿ ಕ್ಯಾಪಿನ ಅಂಚಿನ ಮೇಲೆ ಬಿಳಿ ಪೇಂಟಿನ ಒಂದು ಬೊಟ್ಟು ಇಟ್ಟಿದ್ದೇನೆ. ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ ಬೊಟ್ಟು ಸ್ವಲ್ಪ ಉಬ್ಬಿಕೊಂಡಿದೆ.

ಮುಂದಿನ ಕ್ಯಾಪ್ ಕೆಲಸದ ಹೊತ್ತಿನಲ್ಲಿ ಬ್ಯಾಗಲ್ಲೇ. ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆ) ಮುಂದಕ್ಕೆ ಹಾಕಿದ್ದರೆ ಪೌಚಿನ ತಳ ಗಾಜಿಗೆ ತಾಗುವುದಿಲ್ಲ, ಪೆಟ್ಟಿಗೂ ಅದೇ ರಕ್ಷಣೆ. ಹುಡ್ ಸಮೇತ ಹಿಡಿಸುವ ಪೌಚ್ ನೋಡಿ ಕೊಳ್ಳಿ.

ಎರಡು ಹಿಂದಿನ ಕ್ಯಾಪ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಎಪಾಕ್ಸಿಯಿಂದ ಅಂಟಿಸುವವರಿದ್ದಾರೆ. ಒಂದು ಕಡೆ ಲೆನ್ಸ್, ಇನ್ನೊಂದು ಕಡೆ ಖಾಲಿ. ತೆಗೆದದ್ದನ್ನು ಖಾಲಿ ಕಡೆಗೆ ಸಿಕ್ಕಿಸಿ, ಮಗುಚಿ, ಇನ್ನೊಂದನ್ನು ಬಿಡಿಸಿಕೊಳ್ಳುವುದು. 35, 50ರಂಥ ಸಣ್ಣ, ಝೂಮ್ ಇಲ್ಲದ ಪ್ರೈಮ್ ಲೆನ್ಸ್‌ಗಳಿಗೆ ಇದು ಚೆನ್ನಾಗಿದೆ, ನಾನೂ ಒಂದು ಮಾಡಿಟ್ಟುಕೊಂಡಿದ್ದೇನೆ. ಇದೇ ತತ್ವದ ಮೇಲೆ ಬೆಲ್ಟಿಗೆ ಸಿಕ್ಕಿಸುವ, ಲೆನ್ಸನ್ನು ಬಯಲಲ್ಲೇ ತೂಗುಬಿಡುವ ಹೋಲ್ಡರ್‌ಗಳೂ ಸಿಗುತ್ತವೆ. ವೇಗದಲ್ಲಿ ಅವನ್ನು ಮೀರಿಸಲು ಆಗುವುದಿಲ್ಲ. ಆದರೆ ಜನರ ಗುಂಪಿನಲ್ಲಿ ನುಗ್ಗುವ ನನಗೆ, ಬಾಗಿಲು ಕುರ್ಚಿಗೆಲ್ಲ ತಗಲುವ ಹಾಗೆ ಲೆನ್ಸ್ ತೂಗಾಡುವುದು ಒಗ್ಗುವುದಿಲ್ಲ. ಭಾರದ ಮಾತೂ ಇದೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದ 70-200 ಎಫ್ 2.8 (ಎಫ್ ಅಂದರೆ ಬೆಳಕು ಬರುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಅಂದರೆ ಸುಮಾರು ಒಂದೂವರೆ ಕಿಲೋ. ಅದನ್ನು ಅಂಟಿಸಿದ ಪ್ಲಾಸ್ಟಿಕ್ ಕ್ಯಾಪಿನ ಭರವಸೆಯ ಮೇಲೆ ಬಿಡಬೇಡಿ. ಅಷ್ಟು ಭಾರ ಬೆಲ್ಟಿನಲ್ಲಿದ್ದರೆ ಹೆಗಲ ಮೇಲೆ ಹೋಗುವ ಒಂದು ಪಟ್ಟಿಯೂ ಜೊತೆಗಿರಲಿ, ಇಲ್ಲದಿದ್ದರೆ ಸಂಜೆಗೆ ಸೊಂಟ ಹಿಡಿಯುತ್ತದೆ.

ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಬೇಕು. ಟಿವಿ ನೋಡುತ್ತಾ, ಹಾಸಿಗೆಯ ಮೇಲೆ ಕೂತು ಮಾಡಿದರೂ ಆಯಿತು, ಬಿದ್ದರೆ ಏಟಾಗುವುದಿಲ್ಲ ಅಲ್ವಾ. ಎರಡು ಬ್ರ್ಯಾಂಡ್ ಬಳಸುವವರು ಒಂದು ಮಾತು ನೆನಪಿಡಿ. ನಿಕಾನ್ ಲೆನ್ಸ್ ತಿರುಗುವ ದಿಕ್ಕು ಕ್ಯಾನನ್, ಸೋನಿಗೆ ತದ್ವಿರುದ್ಧ. ಕ್ಯಾಮೆರಾದ ಮುಂದೆ ನಿಂತು ನೋಡಿದರೆ ಕ್ಯಾನನ್ ಲೆನ್ಸ್ ಗಡಿಯಾರದ ದಿಕ್ಕಿಗೆ ಕೂರುತ್ತದೆ, ನಿಕಾನ್ ಅದೇ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ಕೈ ಒಂದಕ್ಕೆ ಒಗ್ಗಿದ ಮೇಲೆ ಇನ್ನೊಂದು ತೊಡಕು.

ಮಿರರ್‌ಲೆಸ್‌ನಲ್ಲಿ ಧೂಳಿನ ಚಿಂತೆ ಜಾಸ್ತಿ. ಮುಂದೆ ಕನ್ನಡಿ ಇಲ್ಲ, ಚಿತ್ರ ಹಿಡಿಯುವ ಸೆನ್ಸರ್ ಬಾಯಿಗೆ ಹತ್ತಿರ. ಕ್ಯಾನನ್ನಿನ ಡಿಎಸ್‌ಎಲ್‌ಆರ್ ಮೌಂಟ್ ಇಎಫ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 44 ಮಿ.ಮೀ. ದೂರವಿದ್ದರೆ ಅದರ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ನಲ್ಲಿ 20, ನಿಕಾನ್ ಮಿರರ್‌ಲೆಸ್ ಮೌಂಟ್ ಝಡ್‌ನಲ್ಲಿ ಬರೀ 16. ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಆನ್ ಮಾಡಿಡಿ, ಆದರೆ ಆ ತೆಳು ಪರದೆಗೆ ಬೆರಳು ತಾಗದಿರಲಿ. ಗಾಳಿ ಬೀಸುತ್ತಿದ್ದರೆ ಗಾಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಆದರೂ ಧೂಳು ಬಹಳಷ್ಟು ಬರುವುದು ಪೌಚ್ ಮತ್ತು ಕ್ಯಾಪ್‌ಗಳಿಂದಲೇ. ಕೆಲಸ ಮುಗಿದ ದಿನ ಪೌಚ್‌ಗಳನ್ನು ಒಳಮೈ ಹೊರಗೆ ಮಾಡಿ ಕೊಡವುತ್ತೇನೆ, ಕ್ಯಾಪಿನ ಒಳಗೆ ಬ್ಲೋವರ್ ಹೊಡೆಯುತ್ತೇನೆ. ಬಾಯಲ್ಲಿ ಊದಬಾರದು, ಎಂಜಲು ಹಾರುತ್ತದೆ. ನಂತರ ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಒಂದು ಫೋಟೋ. ಚುಕ್ಕೆ ಕಂಡರೆ ಅದೇ ರಾತ್ರಿ ಸೆನ್ಸರಿಗೂ ಬ್ಲೋವರ್, ಕಾಣದಿದ್ದರೆ ಬ್ಯಾಟರಿ ಚಾರ್ಜಿಗೆ ಹಾಕುವುದಷ್ಟೇ ಬಾಕಿ.