ಅತ್ತಿ ಹಣ್ಣಿನಿಂದ ಶುರುಮಾಡಿ: ಕಾಫಿ ತೋಟದಲ್ಲಿ ಜೀವಿಗಳ ನಂಟಿನ ಪಾಠ

‘ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ’ ಎಂಬ ಮಾತು ಮಕ್ಕಳು ಕೇಳಿರುತ್ತಾರೆ. ಆ ಹುಳ, ಅಂದರೆ ಅತ್ತಿ ಕಣಜ, ಇಲ್ಲದಿದ್ದರೆ ಹಣ್ಣೇ ಇಲ್ಲ ಎನ್ನುವುದನ್ನು ಕೇಳಿರುವುದಿಲ್ಲ. ಜೀವಿಗಳು ಒಂದನ್ನೊಂದು ನೆಚ್ಚಿಕೊಂಡಿರುವ ಪಾಠಕ್ಕೆ ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಹುಲ್ಲು, ಜಿಂಕೆ, ಹುಲಿ ಎಂದು ಬೋರ್ಡಿನ ಮೇಲೆ ಬರೆದು ಶುರುಮಾಡಿದರೆ ‘ಅವಲಂಬನೆ ಅಂದರೆ ತಿನ್ನುವುದು’ ಎಂಬ ಒಂದೇ ಅರ್ಥ ತಲೆಯಲ್ಲಿ ಕೂರುತ್ತದೆ. ಆಮೇಲೆ ಅದನ್ನು ಕೀಳುವುದೇ ಒಂದು ಕೆಲಸ.

ಮೊದಲ ಪಾಠ: ಅತ್ತಿ

ಒಂದು ಅತ್ತಿ ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ. ಹಾಗಾಗಿ ಎರಡು ಮೂರು ಮರಗಳಿಂದ ಬೇರೆ ಬೇರೆ ಹಂತದ ಹತ್ತು ಹನ್ನೆರಡು ಕಾಯಿ ತರಿಸಿ. ಕೊಯ್ಯಲು ಬ್ಲೇಡು ಸಾಕು. ಹಾಲು ಅಂಟದಿರಲು ಅದಕ್ಕೆ ತೆಂಗಿನೆಣ್ಣೆ ಸವರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ನಾಲ್ಕು ಮಕ್ಕಳಿಗೆ ಒಂದರಂತೆ ಇರಲಿ.

ಚಿಕ್ಕ ಎಳೆಗಾಯಿ ಸೀಳಿದರೆ ಒಳಗೋಡೆಯ ತುಂಬ ಕೂದಲಿನಂತೆ ಒತ್ತಾಗಿ ನಿಂತ ಹೂಗಳು ಕಾಣುತ್ತವೆ. ಅತ್ತಿ ಎಂದರೆ ಹೂಗಳನ್ನು ಒಳಗಿಟ್ಟು ಬಾಯಿ ಕಟ್ಟಿದ ಚೀಲ. ತುದಿಯ ಕಿರು ಕಿಂಡಿಯಿಂದ ಹೆಣ್ಣು ಕಣಜ ನುಗ್ಗುತ್ತದೆ. ನುಗ್ಗುವಾಗ ಸಾಮಾನ್ಯವಾಗಿ ರೆಕ್ಕೆ ಕಿತ್ತುಹೋಗುತ್ತದೆ. ಒಳಗೆ ಪರಾಗ ಉದುರಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಬಲಿತು ಇನ್ನೂ ಗಟ್ಟಿಯಾಗಿರುವ ಕಾಯಿಯಲ್ಲಿ ರೆಕ್ಕೆಯಿಲ್ಲದ ಹಳದಿ ಗಂಡುಗಳು ಹರಿದಾಡುತ್ತಿರುತ್ತವೆ. ಅವು ಹೊರದಾರಿ ಕೊರೆದುಕೊಟ್ಟು ಸಾಯುತ್ತವೆ. ಎಳ್ಳುಕಾಳಿಗಿಂತ ಚಿಕ್ಕ ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ. ಬಣ್ಣ ತಿರುಗಲು ಶುರುವಾದ ಕಾಯಿಯನ್ನು ಸಂಜೆ ಗಾಜಿನ ಬಾಟಲಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಿದರೆ, ಅದೃಷ್ಟವಿದ್ದರೆ ಮಾರನೆಯ ಬೆಳಿಗ್ಗೆ ಗಾಜಿನ ಮೇಲೆ ಸಿಗುತ್ತವೆ. ಹೊರಗೆ ಬಂದ ಮೇಲೆ ಅವುಗಳ ಆಯುಸ್ಸು ಒಂದೆರಡು ದಿನ.

ಇಲ್ಲಿ ಎಡವುವುದು ಎರಡು ಕಡೆ. ನೆಲಕ್ಕೆ ಬಿದ್ದ ಕೆಂಪು ಹಣ್ಣು ತಂದರೆ ಕಣಜ ಹೋಗಿಯಾಗಿರುತ್ತದೆ, ಇರುವೆ ಮತ್ತು ನೊಣದ ಮರಿಹುಳುಗಳಷ್ಟೇ ಉಳಿದಿರುತ್ತವೆ. ಇನ್ನೊಂದು, ಉದ್ದ ಬಾಲದ ಕಣಜಗಳೂ ಸಿಗುತ್ತವೆ. ಕಾಯಿಯ ಹೊರಗಿನಿಂದಲೇ ಚುಚ್ಚಿ ಮೊಟ್ಟೆಯಿಡುವ ಇವು ಪರಾಗಸ್ಪರ್ಶ ಮಾಡುವುದಿಲ್ಲ. ಬಿಟ್ಟಿ ಊಟದವು. ಎಲ್ಲ ನಂಟೂ ಉಪಕಾರದ್ದಲ್ಲ ಎಂದು ತೋರಿಸಲು ಇವೇ ಸಾಕು.

ಆಮೇಲೆ ಮರದ ಕೆಳಗೆ ಅರ್ಧ ಗಂಟೆ ಮಕ್ಕಳನ್ನು ಸುಮ್ಮನೆ ಕೂರಿಸಿ. ಕುಟ್ರುಹಕ್ಕಿ, ಹಸಿರು ಪಾರಿವಾಳ, ಪುಣ್ಯವಿದ್ದರೆ ಮಂಗಟ್ಟೆ. ಒಂದೊಂದು ಮರ ಒಂದೊಂದು ಹೊತ್ತಿಗೆ ಹಣ್ಣು ಬಿಡುವುದರಿಂದ, ಬೇರೆ ಹಣ್ಣಿಲ್ಲದ ದಿನಗಳಲ್ಲೂ ಇವಕ್ಕೆ ಅತ್ತಿ, ಬಸರಿ, ಗೋಣಿ ಮರಗಳ ಆಸರೆ ಇರುತ್ತದೆ.

ತರಗೆಲೆಯ ಕೆಳಗೆ

ನಾಲ್ಕು ಗೂಟ, ನಾಲ್ಕು ಮೀಟರ್ ಹಗ್ಗ: ಒಂದು ಚದರ ಮೀಟರ್ ಆಯಿತು. ಕಾಫಿಗೆ ನೆರಳು ಕೊಡುವ ಮರಗಳಾದ ಹಾಲುವಾಣದ ಕೆಳಗೊಂದು, ಸಿಲ್ವರ್ ಓಕ್ ಕೆಳಗೊಂದು, ಶಾಲೆಯ ಮೈದಾನದಲ್ಲೊಂದು ಗುರುತು ಹಾಕಿ. ಎರಡೆರಡು ಬೊಗಸೆ ತರಗೆಲೆ ತಂದು ಬಿಳಿ ಬಟ್ಟೆಯ ಮೇಲೆ ಹರಡಿ, ಕಂಡದ್ದನ್ನೆಲ್ಲ ಎಣಿಸಿ.

ಕಣ್ಣಿಗೆ ಕಾಣದವುಗಳಿಗೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಬೇಕು. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ತಲೆಕೆಳಗಾಗಿ ಕೆಳಭಾಗದಲ್ಲಿ ಕೂರಿಸಿ. ಕತ್ತಿನ ಬಳಿ 3–5 ಮಿಲಿಮೀಟರ್ ಕಣ್ಣಿನ ಜಾಲರಿ, ಅದರ ಮೇಲೆ ತರಗೆಲೆ, ತಳದಲ್ಲಿ ಒದ್ದೆ ಬಟ್ಟೆ. ಹದಿನೈದು ಸೆಂಟಿಮೀಟರ್ ಎತ್ತರದಲ್ಲಿ 40 ವ್ಯಾಟಿನ ಹಳೇ ತಂತಿ ಬಲ್ಬು ಒಂದೆರಡು ದಿನ ಉರಿಯಲಿ, ಹತ್ತಿರದಲ್ಲಿ ದೊಡ್ಡವರೊಬ್ಬರು ಇರಲಿ. ಎಲೆ ಮೇಲಿನಿಂದ ಒಣಗುತ್ತ ಬಂದಂತೆ ಹುಳುಗಳು ತೇವ ಹುಡುಕಿಕೊಂಡು ಕೆಳಗೆ ಬೀಳುತ್ತವೆ. ಎಲ್‌ಇಡಿ ಬಲ್ಬು ಹಾಕಿ ‘ಏನೂ ಬರಲಿಲ್ಲ’ ಎನ್ನುವವರೇ ಹೆಚ್ಚು. ಅದರಲ್ಲಿ ಬಿಸಿ ಸಾಲದು. ಜುಲೈನ ನೆನೆದ ಎಲೆಗೆ ನಾಲ್ಕು ದಿನ ಹಿಡಿಯಬಹುದು, ನಡುವೆ ಕರೆಂಟೂ ಹೋಗುತ್ತದೆ. ಈ ಕೆಲಸ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಇಟ್ಟುಕೊಳ್ಳಿ.

ಹುಳು ಎಣಿಸಿದರೆ ಸಾಲದು, ಅವು ಮಾಡುವ ಕೆಲಸ ಕಾಣಬೇಕು. ಮರಗಸಿಯಲ್ಲಿ (ನೆರಳಿನ ಮರಗಳ ಕೊಂಬೆ ಸವರುವಾಗ) ಬಿದ್ದ ಹಾಲುವಾಣದ ಎಲೆ ಮತ್ತು ಸಿಲ್ವರ್ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, 10 ಗ್ರಾಂನಂತೆ ತೂಗಿ. ಅರ್ಧವನ್ನು ಈರುಳ್ಳಿ ಚೀಲದ ಬಲೆಯಲ್ಲಿ, ಇನ್ನರ್ಧವನ್ನು ಒತ್ತು ನೇಯ್ಗೆಯ ನೈಲಾನ್ ಬಟ್ಟೆಯಲ್ಲಿ ಕಟ್ಟಿ (ಹತ್ತಿ ಬಟ್ಟೆ ತಾನೇ ಕೊಳೆತುಹೋಗುತ್ತದೆ). ಒಟ್ಟು 12 ಗಂಟು. ತರಗೆಲೆಯಡಿ ಇಟ್ಟು 4, 8, 12 ವಾರಕ್ಕೆ ನಾಲ್ಕು ನಾಲ್ಕು ತೆಗೆಯಿರಿ. ಬಟ್ಟೆಯ ಗಂಟಿಗೆ ಎರೆಹುಳು, ಸಹಸ್ರಪದಿ ನುಗ್ಗಲಾರವು, ಬೂಷ್ಟು ಮಾತ್ರ ನುಗ್ಗುತ್ತದೆ. ಎರಡರ ವ್ಯತ್ಯಾಸವೇ ಹುಳುಗಳ ದುಡಿಮೆ. ಹಾಲುವಾಣ ಬೇಗ ಕರಗುತ್ತದೆ, ಸಿಲ್ವರ್ ತಡ. ‘ತೂಕ ಹೆಚ್ಚಾಯ್ತು ಸಾರ್’ ಎಂದು ಯಾರಾದರೂ ಬಂದರೆ ಎಲೆಗೆ ಮಣ್ಣು ಅಂಟಿದೆ ಎಂದರ್ಥ: ಬ್ರಷ್ಷಿನಿಂದ ಒರೆಸಿ, ಮತ್ತೆ ಒಣಗಿಸಿ ತೂಗಬೇಕು. ಅಡುಗೆಮನೆಯ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವುದು ಬೇಕು.

ಕಾಫಿ ಹೂವಿಗೆ ಚೀಲ

ರೊಬಸ್ಟಾ ಗಿಡ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಅದನ್ನು ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಅರೇಬಿಕಾ ತನ್ನದರಿಂದಲೇ ಕಾಯಿ ಕಟ್ಟುತ್ತದೆ, ಆದ್ದರಿಂದ ಈ ಪ್ರಯೋಗಕ್ಕೆ ಬೇಡ. ಹೂಮಳೆಯಾಗಿ (ಅಥವಾ ಸ್ಪ್ರಿಂಕ್ಲರ್ ಕೊಟ್ಟು) ಏಳೆಂಟು ದಿನಕ್ಕೆ ಹೂ ಅರಳುತ್ತದೆ. ಮೊಗ್ಗು ಬೆಳ್ಳಗೆ ಬತ್ತಿಯಂತೆ ಉದ್ದವಾದಾಗಲೇ ಒಂದು ರೆಕ್ಕೆಗೆ (ಕಾಫಿ ಗಿಡದ ಅಡ್ಡ ಕೊಂಬೆಗೆ) ಸೊಳ್ಳೆಪರದೆಯ ಚೀಲ, ಇನ್ನೊಂದಕ್ಕೆ ಒತ್ತು ಬಟ್ಟೆಯ ಚೀಲ ಕಟ್ಟಿ, ಮೂರನೆಯದನ್ನು ಬಿಟ್ಟುಬಿಡಿ. ಪರದೆ ಜೇನನ್ನು ತಡೆದು ಗಾಳಿಯನ್ನು ಬಿಡುತ್ತದೆ, ಬಟ್ಟೆ ಎರಡನ್ನೂ ತಡೆಯುತ್ತದೆ. ಮೊಗ್ಗು ಎಣಿಸಿ ಬರೆದಿಡಿ. ಹೂ ಕಂದಿದ ಮೇಲೆ ಚೀಲ ಬಿಚ್ಚಿ, ರೆಕ್ಕೆಗೆ ಬಣ್ಣದ ದಾರ ಕಟ್ಟಿ. ಕಾಯಿ ವಾರಗಟ್ಟಲೆ ಗುಂಡುಪಿನ್ನಿನ ತಲೆಯಷ್ಟೇ ಇರುತ್ತದೆ, ನಡುವೆ ಬೇಸಿಗೆ ರಜೆ. ಹಾಗಾಗಿ ಎಣಿಕೆ ಜೂನಿನಲ್ಲಿ. ದಾರ ಕಟ್ಟದಿದ್ದರೆ ಆ ರೆಕ್ಕೆ ಮತ್ತೆ ಸಿಗುವುದಿಲ್ಲ. ಹೆಜ್ಜೇನು ಗೂಡಿರುವ ಮರದ ಹತ್ತಿರ ಮಕ್ಕಳನ್ನು ಕರೆದೊಯ್ಯಬೇಡಿ.

ದಾರದಾಟ, ಸ್ವಲ್ಪ ಬದಲಿಸಿ

ಉಂಡೆ ದಾರ ಎಸೆದು ಬಲೆ ಮಾಡಿಸಿ, ಒಬ್ಬರು ಎಳೆದಾಗ ಎಲ್ಲರೂ ಕೂರುವ ಆಟ ಮಜವಾಗಿರುತ್ತದೆ, ಆದರೆ ಕಲಿಸುವುದು ತಪ್ಪು. ಒಂದು ಜೀವಿ ಹೋದರೆ ಎಲ್ಲವೂ ಒಂದೇ ಸಮ ಬೀಳುವುದಿಲ್ಲ. ಉಂಡೆ ಬೇಡ, ಮೂರು ಮೀಟರಿನ ತುಂಡುಗಳನ್ನು ಎರಡು ಬಣ್ಣದಲ್ಲಿ ಕತ್ತರಿಸಿಡಿ: ಕೆಂಪು ತಿನ್ನುವುದಕ್ಕೆ, ಹಸಿರು ಬೇರೆ ಉಪಕಾರಕ್ಕೆ. ಹದಿನಾರು ಚೀಟಿ ಸಾಕು: ಕಾಫಿ, ಅತ್ತಿ, ಅತ್ತಿ ಕಣಜ, ಹಾಲುವಾಣ, ಕುಟ್ರುಹಕ್ಕಿ, ಮರಬೆಕ್ಕು, ಹೆಜ್ಜೇನು, ತುಡುವೆ ಜೇನು, ಎರೆಹುಳು, ಗೆದ್ದಲು, ಅಣಬೆ, ಇರುವೆ, ಕಪ್ಪೆ, ಇಲಿ, ಕೇರೆಹಾವು, ಮನುಷ್ಯ. ಯಾರಿಂದ ಯಾರಿಗೆ ಏನು ಸಿಗುತ್ತದೆ ಎಂದು ಹೇಳಿದರೆ ಮಾತ್ರ ದಾರ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆಯನ್ನು ಗೆದ್ದಲೇ ಸಾಕುತ್ತದೆ, ಅದರ ಮೇವನ್ನು ಆ ಅಣಬೆಯ ಬೂಷ್ಟು ಜೀರ್ಣಿಸಿಕೊಡುತ್ತದೆ, ನಾವು ಸಾರು ಮಾಡುತ್ತೇವೆ: ಮೂರು ದಾರ.

ಈಗ ಹೆಜ್ಜೇನನ್ನು ತೆಗೆಯಿರಿ. ಕಾಫಿಗೆ ತುಡುವೆ ಇದೆ, ಬೆಳೆ ಕುಗ್ಗಬಹುದು ಅಷ್ಟೆ. ಕಣಜವನ್ನು ತೆಗೆಯಿರಿ. ಅತ್ತಿಗೆ ಬದಲಿ ಇಲ್ಲ. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಚಿತ್ರ ಬರೆಸುವಾಗ ಬಾಣ ಅನ್ನ ಹೋಗುವ ದಿಕ್ಕಿಗಿರಲಿ: ಇಲಿಯಿಂದ ಹಾವಿಗೆ. ಬಹುತೇಕ ಮಕ್ಕಳು ತಿರುಗಿಸಿ ಹಾಕುತ್ತಾರೆ.

ಹೊರಡುವ ಮುನ್ನ

ತೋಟದವರನ್ನು ಕೇಳಿ, ಔಷಧಿ ಯಾವಾಗ ಹೊಡೆದರು ಎಂದೂ ಕೇಳಿ. ದೇವರಕಾಡಾದರೆ ತಕ್ಕರ (ಊರಿನ ಸಾಂಪ್ರದಾಯಿಕ ಮುಖ್ಯಸ್ಥರ) ಒಪ್ಪಿಗೆ ಬೇಕು, ಅಲ್ಲಿಂದ ಒಂದು ಎಲೆಯನ್ನೂ ತರಬೇಡಿ, ನೋಡಿ ಬರೆದುಕೊಂಡರೆ ಸಾಕು. ಆನೆ ಓಡಾಡುವ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ನಾಲ್ಕರ ಮೇಲೆ ಬೇಡ. ಜಿಗಣೆಗೆ ಉಪ್ಪಿನ ಗಂಟು.

ಪರೀಕ್ಷೆಗೆ ವ್ಯಾಖ್ಯೆ ಕೇಳಬೇಡಿ. ‘ಒಬ್ಬರು ತೋಟದ ಅತ್ತಿ, ಬಸರಿ, ಹಾಲುವಾಣ ಕಡಿಸಿ ಸಿಲ್ವರ್ ಮಾತ್ರ ನೆಟ್ಟರು. ಯಾರಿಗೆ ನಷ್ಟ, ಯಾರಿಗೆ ಲಾಭ, ಯಾಕೆ?’ ಎಂದು ಕೇಳಿ. ‘ಯಾಕೆ’ ಬರೆಯದ ಹೆಸರಿಗೆ ಅಂಕವಿಲ್ಲ. ಸಿಲ್ವರ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮರ ಮಾರಬಹುದು, ಯಜಮಾನರಿಗೆ ಲಾಭ ಎಂದು ಬರೆದ ಮಗುವಿಗೂ ಪೂರ್ತಿ ಅಂಕ ಕೊಡಿ.