ಲಿಥಿಯಂ ಗುಳಿಗೆ ಮತ್ತು ಬೆಳಗಿನ 5:30

ನನಗೆ ಬೈಪೋಲಾರ್ ಕಾಯಿಲೆ, ಮನಸ್ಸಿನ ಏರಿಳಿತ ತಡೆಯಲು ಲಿಥಿಯಂ ಗುಳಿಗೆ. ಗುಳಿಗೆ ನುಂಗು, ನಿದ್ದೆ ತಾನೇ ಬರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಬರಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಸೀಸನ್ ಬಂದರೆ ಒಂದು ವಾರ ಹಗಲು, ಒಂದು ವಾರ ರಾತ್ರಿ. ಲಿಥಿಯಂ ಶುರುವಾದ ಮೇಲೂ ನನಗೆ ಎರಡು ಸಲ ಮೇನಿಯಾ ಬಂತು (ಮನಸ್ಸು ವಿಪರೀತ ಉಬ್ಬಿ, ನಿದ್ದೆ ಬೇಡವಾಗಿ, ಹಿಡಿತ ತಪ್ಪುವ ಸ್ಥಿತಿ), ಎರಡೂ ಸಲ ರಾತ್ರಿ ಪಾಳಿಯ ಮೂರನೇ ನಾಲ್ಕನೇ ದಿನಕ್ಕೆ. ಎರಡನೇ ಸಲ ಸಾಲ ಮಾಡಿ ಹಳೇ ಟ್ರ್ಯಾಕ್ಟರ್ ತಂದೆ, ಮಾರುವಾಗ ಸುಮಾರು 80 ಸಾವಿರ ಹೋಯಿತು. ಆ ಸಾಲ ಇನ್ನೂ ತೀರಿಲ್ಲ.

ಆಮೇಲೆ ಡಾಕ್ಟರ ಜೊತೆ ಕೂತು ಹೊತ್ತು ಬದಲಾಯಿಸಿದೆವು. ಮೂರು ಹೊತ್ತಿನ ಗುಳಿಗೆ ಈಗ ರಾತ್ರಿ 8:30ಕ್ಕೆ ಒಂದೇ ಸಲ. ರಕ್ತದಲ್ಲಿ ಲಿಥಿಯಂ ಎಷ್ಟಿದೆ (ಲೆವೆಲ್) ಅಂತ ನೋಡುವುದು ಗುಳಿಗೆ ನುಂಗಿದ 12 ತಾಸಿಗೆ, ಬೆಳಿಗ್ಗೆ 8:30ಕ್ಕೆ ರಕ್ತ ಕೊಟ್ಟರೆ ಸರಿಯಾಗಿ 12 ತಾಸು. ಮೊದಲು ಬೆಳಗಿನ ಗುಳಿಗೆ ನುಂಗಿದ ಮೇಲೆ ರಕ್ತ ಕೊಟ್ಟು ಎರಡು ಸಲ 400 ರೂಪಾಯಿ ಹಾಳು ಮಾಡಿದ್ದೆ. ಲಿಥಿಯಂ ದೇಹದ ಗಡಿಯಾರದ ಸುತ್ತನ್ನು ತುಸು ಹಿಗ್ಗಿಸುತ್ತದೆ ಅಂತ ಓದಿದ್ದೇನೆ, ಆದರೆ ಮುಳ್ಳನ್ನು ಸರಿ ಹೊತ್ತಿಗೆ ತಂದು ನಿಲ್ಲಿಸುವುದು ಬೆಳಗಿನ ಬೆಳಕೇ. ಅದಕ್ಕೇ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ 5:30ಕ್ಕೆ ಏಳುವುದು, ಕಾಲುವೆ ದಂಡೆ ಮೇಲೆ ಅರ್ಧ ತಾಸು ನಡೆಯುವುದು. ಮೊದಲ ಮೂರು ವಾರ ನರಕ. ಗಿರಣಿಯ ಗೆಳೆಯರು ಸುಮ್ನೆ ಯಾಕೆ ಒದ್ದಾಡ್ತೀಯ ಅಂದರು.

ನಡುವೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕವನ್ನೂ ಹಾಕಿ ನೋಡಿದೆ. ನಾರ್ವೆಯವರು 2016ರಲ್ಲಿ ಮೇನಿಯಾ ಇದ್ದವರಿಗೆ ಸಂಜೆ 6ರಿಂದ ಬೆಳಿಗ್ಗೆ 8ರ ತನಕ ಹಾಕಿಸಿ ಒಂದು ವಾರದಲ್ಲಿ ಗುಣ ಕಂಡಿದ್ದರು. ನನ್ನ 450 ರೂಪಾಯಿ ಕನ್ನಡಕದ ಕಡ್ಡಿ ಹತ್ತು ದಿನಕ್ಕೆ ಮುರಿಯಿತು. ಈಗ 9ಕ್ಕೆ ಮನೆ ದೀಪ ಆರಿಸುತ್ತೇವೆ, ಫೋನ್ ಅಡುಗೆಮನೆಯಲ್ಲಿ.

ಒಂದು ತಪ್ಪನ್ನು ಮಾತ್ರ ನೀವು ಮಾಡಬೇಡಿ. ಮೇ ತಿಂಗಳು, 42 ಡಿಗ್ರಿ, ಬೆವರು ಜಾಸ್ತಿ. ಮೊಣಕಾಲು ನೋವಿಗೆ ಔಷಧಿ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್ ತಗೊಂಡೆ. ನಾಲ್ಕು ದಿನಕ್ಕೆ ಕೈ ನಡುಕ, ವಾಂತಿ, ಕಾಲು ತಡವರಿಸಿತು, ಲೆವೆಲ್ 1.5ರ ಹತ್ತಿರ, ಅಂದರೆ ಮೈಗೆ ಅತಿಯಾಗಿತ್ತು. ಅಡ್ಮಿಟ್ ಆಗಿ 6 ಸಾವಿರ, ಮೇಲೆ ಹನ್ನೊಂದು ದಿನದ ಪಗಾರ ಹೋಯಿತು. ಇಂಥ ನೋವಿನ ಗುಳಿಗೆ ಲಿಥಿಯಂ ಅನ್ನು ಹೊರಹೋಗದಂತೆ ಕಿಡ್ನಿಯಲ್ಲೇ ತಡೆಯುತ್ತದೆ, ಬೆವರಿ ನೀರು ಉಪ್ಪು ಕಡಿಮೆಯಾದರೂ ಅಷ್ಟೇ. ಉಪ್ಪು ಒಮ್ಮೆಲೇ ಬಿಡಲೂಬಾರದು.

ರಾತ್ರಿ ಪಾಳಿ ಬಿಡಿಸಿಕೊಳ್ಳಲು ಮಾಲೀಕರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಆದರೆ ಎರಡು ವರ್ಷದ ಮೇಲಾಯಿತು, ಮೇನಿಯಾ ಇಲ್ಲ, ಲೆವೆಲ್ 0.7ರ ಆಸುಪಾಸು. ಮೊನ್ನೆ ಸೀಸನ್ನಿನ ಲೆಕ್ಕ ಮುಗಿಸಿದೆ, ಒಂದು ಚೀಲವೂ ಹೆಚ್ಚುಕಡಿಮೆ ಬರಲಿಲ್ಲ.